ಅವರು ಹೇಳಿದ್ರು ಅಂತ ತಗೊಂಡ್ರಾ?

ಕೆಲಸದಾಕೆಯಿಂದ ಕ್ರೀಮ್‌ವರೆಗೆ, ಚೀಟಿಯಿಂದ ಡಾಕ್ಟರ್‌ವರೆಗೆ ನಮ್ಮ ಮನೆಯ ಎಷ್ಟೋ ತೀರ್ಮಾನಗಳು ಯಾರದೋ ಒಂದು ಶಿಫಾರಸಿನ ಮೇಲೆ ನಿಂತಿರುತ್ತವೆ. ಆ ಮಾತನ್ನು ಎಷ್ಟು ನಂಬಬೇಕು? ನಾವೇ ಇನ್ನೊಬ್ಬರಿಗೆ ಹೇಳುವಾಗ ಏನು ಎಚ್ಚರ ವಹಿಸಬೇಕು?

ಸುಮ್ಮನೆ ಒಮ್ಮೆ ಲೆಕ್ಕ ಹಾಕಿ ನೋಡಿ. ಮನೆಗೆ ಬರುವ ಕೆಲಸದಾಕೆ, ಬ್ಲೌಸ್ ಹೊಲಿದುಕೊಡುವ ಟೈಲರ್, ಮಗಳ ಸಂಗೀತದ ಮೇಷ್ಟ್ರು, ಮಗನ ಟ್ಯೂಷನ್ ಟೀಚರ್, ಹಲ್ಲಿನ ಡಾಕ್ಟರ್, ಹಬ್ಬಕ್ಕೆ ಒಬ್ಬಟ್ಟು ಮಾಡಿಕೊಡುವಾಕೆ... ಇವರಲ್ಲಿ ಎಷ್ಟು ಮಂದಿಯನ್ನು ನೀವಾಗಿಯೇ ಹುಡುಕಿದ್ದೀರಿ? ಬಹುಪಾಲು ಜನ 'ಅವರು ಹೇಳಿದ್ರು' ಎಂಬ ಒಂದೇ ಮಾತಿನ ಮೇಲೆ ನಿಮ್ಮ ಮನೆಯೊಳಗೆ ಬಂದವರು, ಅಲ್ವಾ?

ಇದರಲ್ಲಿ ತಪ್ಪೇನೂ ಇಲ್ಲ. ಹೊಸ ಬಡಾವಣೆಗೆ ಮನೆ ಬದಲಾಯಿಸಿ ಬಂದ ಗೃಹಿಣಿಗೆ ಮೊದಲ ವಾರದಲ್ಲಿ ದಿಕ್ಕು ತೋರಿಸುವುದೇ ಎದುರು ಮನೆಯಾಕೆ. ಒಳ್ಳೆಯ ಸೊಪ್ಪು ಎಲ್ಲಿ ಸಿಗುತ್ತೆ, ಕರೆದ ತಕ್ಷಣ ಬರುವ ಪ್ಲಂಬರ್ ಯಾರು, ಯಾವ ಅಂಗಡಿಯ ಹಿಟ್ಟಿನಲ್ಲಿ ದೋಸೆ ಚೆನ್ನಾಗಿ ಬರುತ್ತೆ, ಎಲ್ಲವೂ ಬಾಯಿಂದ ಬಾಯಿಗೆ ದಾಟಿ ಬರುವ ತಿಳಿವಳಿಕೆ. ಪುಸ್ತಕದಲ್ಲಿ ಇದು ಸಿಗುವುದಿಲ್ಲ.

ಆದರೆ ಸೊಪ್ಪಿನವನ ವಿಷಯದಲ್ಲಿ ಶಿಫಾರಸು ಕೈಕೊಟ್ಟರೆ ಹೋಗುವುದು ಇಪ್ಪತ್ತು ರೂಪಾಯಿ. ಅದೇ ಮುಖಕ್ಕೆ ಹಚ್ಚುವ ಕ್ರೀಮ್, ಒಡವೆ ಅಡವಿಟ್ಟು ಕಟ್ಟುವ ದುಡ್ಡು, ಮಗು ನೋಡಿಕೊಳ್ಳುವ ಆಯಾ ವಿಷಯದಲ್ಲಿ ಕೈಕೊಟ್ಟರೆ? ನಾವೇನು ಮಾಡ್ತೀವಿ ಅಂದ್ರೆ, ಎರಡಕ್ಕೂ ಒಂದೇ ತಕ್ಕಡಿ ಹಿಡಿಯುತ್ತೇವೆ. ಸಮಸ್ಯೆ ಶುರುವಾಗುವುದೇ ಅಲ್ಲಿ.

ಯಾಕೆ ನಂಬ್ತೀವಿ?

ಪರಿಚಯದವರ ಮಾತಿಗೆ ಬೆಲೆ ಬರುವುದು ಮೂರು ಕಾರಣಕ್ಕೆ. ಒಂದು, ಅವರು ಅದನ್ನು ಸ್ವತಃ ಬಳಸಿರುತ್ತಾರೆ. ಎರಡು, ಹೇಳಿದ್ದಕ್ಕೆ ಅವರಿಗೆ ಯಾರೂ ಕಾಸು ಕೊಟ್ಟಿರುವುದಿಲ್ಲ. ಮೂರು, ನಾಳೆಯೂ ಅವರು ಎದುರು ಸಿಗುತ್ತಾರೆ. "ಏನ್ರೀ, ನೀವು ಹೇಳಿದ ಟೈಲರ್ ಬ್ಲೌಸೇ ಕೆಡಿಸಿಬಿಟ್ಟ" ಎಂದು ಲಿಫ್ಟಿನಲ್ಲಿ ನಿಂತು ಕೇಳಬಹುದು. ಆ ಹೆದರಿಕೆಗಾದರೂ ಅವರು ಯೋಚಿಸಿ ಹೇಳುತ್ತಾರೆ. ಈ ಮೂರರಲ್ಲಿ ಒಂದು ಕಾಲು ಮುರಿದರೂ ಸಾಕು, ಮುಕ್ಕಾಲಿ ನಿಲ್ಲುವುದಿಲ್ಲ.

ಈ ಗುಟ್ಟು ಕಂಪನಿಗಳಿಗೆ ಬಹಳ ಹಿಂದೆಯೇ ಗೊತ್ತಾಯಿತು. 1941ರಲ್ಲಿ ಲಕ್ಸ್ ಸೋಪಿನ ಜಾಹೀರಾತಿಗೆ ಮುಖ ಕೊಟ್ಟ ಮೊದಲ ಭಾರತೀಯ ಚಿತ್ರನಟಿ ಲೀಲಾ ಚಿಟ್ನಿಸ್. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲೇ. ಆಮೇಲೆ ಒಂದರ ಹಿಂದೆ ಒಂದರಂತೆ ಎಷ್ಟು ತಾರೆಯರು ಅದೇ ಸೋಪಿನ ಬಗ್ಗೆ ಮಾತಾಡಿದರು! ಆದರೆ ತಾರೆ ಎಷ್ಟೇ ಚೆಂದ ಇದ್ದರೂ ಅವಳು ನಮ್ಮ ಹಾಗೆ ಬಟ್ಟೆ ಒಗೆಯುವವಳಲ್ಲವಲ್ಲ. ಅದಕ್ಕೇ 1980ರ ದಶಕದಲ್ಲಿ ಸರ್ಫ್ ಜಾಹೀರಾತಿಗೆ 'ಲಲಿತಾಜಿ' ಬಂದಳು. ತರಕಾರಿಗೆ ಚೌಕಾಸಿ ಮಾಡುವ, ಕಾಸು ಕಾಸಿಗೂ ಲೆಕ್ಕ ಇಡುವ ಗೃಹಿಣಿ. ಕಡಿಮೆ ಬೆಲೆಯ ನಿರ್ಮಾ ಪುಡಿಯ ಎದುರು ಸರ್ಫ್ ನಿಲ್ಲಬೇಕಾಗಿದ್ದ ಕಾಲ ಅದು. ಆ ಪಾತ್ರ ಮಾಡಿದವರು ನಟಿ ಕವಿತಾ ಚೌಧರಿ. ನೋಡುವವರಿಗೆ ಮಾತ್ರ ಆಕೆ ಪಕ್ಕದ ಮನೆಯ ಜಾಣ ಹೆಂಗಸಾಗಿಯೇ ಕಂಡಳು. ಗೃಹಿಣಿಯ ಮಾತನ್ನು ಗೃಹಿಣಿ ನಂಬುತ್ತಾಳೆ ಎಂಬುದನ್ನು ಕಂಪನಿ ಚೆನ್ನಾಗಿ ಓದಿಕೊಂಡಿತ್ತು.

ಜಾಹೀರಾತು ಅಂತ ಗೊತ್ತಿದ್ದರೆ ನಾವು ಸ್ವಲ್ಪ ಹುಷಾರಾಗಿಯೇ ಇರುತ್ತೇವೆ. ಎಡವುವುದು ಅಲ್ಲಲ್ಲ. ನಿಜವಾಗಿಯೂ ನಮ್ಮವರೇ ಆದವರು, ಒಂದಿಷ್ಟೂ ಸುಳ್ಳು ಬೆರೆಸದೆ, ನಮ್ಮ ಒಳ್ಳೆಯದಕ್ಕೇ ಹೇಳಿದಾಗ ಎಡವುತ್ತೇವೆ. ಅದು ಹೇಗೆ ಅಂತೀರಾ? ಎರಡು ಉದಾಹರಣೆ ನೋಡಿ.

ಎರಡು ವಾರದ ಹೊಳಪು

"ನನ್ನ ಮುಖ ನೋಡು, ಹದಿನೈದೇ ದಿನದಲ್ಲಿ ಹೇಗಾಗಿದೆ! ಮೆಡಿಕಲ್ ಶಾಪಿನಲ್ಲಿ ಈ ಟ್ಯೂಬ್ ಕೇಳು, ಕೊಡ್ತಾನೆ" ಎಂದು ಓರಗಿತ್ತಿ ಹೇಳುತ್ತಾಳೆ. ನೋಡಿದರೆ ನಿಜವೇ. ಮುಖ ತಿಳಿಯಾಗಿದೆ, ಕಲೆ ಮಾಸಿದೆ, ಮೊಡವೆ ಅಡಗಿದೆ. ಕಣ್ಣೆದುರೇ ಪುರಾವೆ ಇರುವಾಗ ಇನ್ನೇನು ಬೇಕು? ಅವತ್ತು ಸಂಜೆಯೇ ಟ್ಯೂಬ್ ಮನೆಗೆ ಬರುತ್ತದೆ.

ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇದ್ದರೆ ಕಥೆ ಬೇರೆ. ಬೆಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಮುಂತಾದವು ಚರ್ಮರೋಗ ತಜ್ಞರು ಇಂಥ ಕಾಯಿಲೆಗೆ, ಇಷ್ಟೇ ದಿನ ಎಂದು ಅಳೆದು ಕೊಡುವ ಔಷಧಗಳು. ಮುಖಕ್ಕೆ ಹಚ್ಚಿದಾಗ ಮೊದಮೊದಲು ಕೆಂಪು, ಉರಿ ತಗ್ಗಿ ಚರ್ಮ ಬೆಳ್ಳಗೆ, ನುಣುಪಾಗಿ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ, ಸಣ್ಣ ಕೆಂಪು ರಕ್ತನಾಳಗಳು ಕಾಣಿಸಿಕೊಳ್ಳುತ್ತವೆ, ಮೊಡವೆ ಹೆಚ್ಚುತ್ತದೆ, ಕೆನ್ನೆಯ ಮೇಲೆ ಕೂದಲು ಬೆಳೆಯಬಹುದು. ಬಿಸಿಲಿಗೆ ಹೋದರೆ ಉರಿ. ಸರಿ, ಬಿಟ್ಟುಬಿಡೋಣ ಅಂದರೆ ಬಿಟ್ಟ ಕೆಲವೇ ದಿನಕ್ಕೆ ಮುಖ ಕೆಂಪಗೆ ಉಬ್ಬುತ್ತದೆ. ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಚರ್ಮದ ವೈದ್ಯರು ಇಂಥ ಮುಖಗಳನ್ನು ಎಷ್ಟು ನೋಡಿದ್ದಾರೆಂದರೆ ಇದಕ್ಕೆ 'ಸ್ಟೀರಾಯ್ಡ್‌ನಿಂದ ಹಾಳಾದ ಮುಖ' ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಇಂಥ 14 ಬಗೆಯ ಸ್ಟೀರಾಯ್ಡ್ ಕ್ರೀಮ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲಿ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಬೇಕಾಯಿತು.

ಇಲ್ಲಿ ಓರಗಿತ್ತಿ ಸುಳ್ಳು ಹೇಳಿದಳೇ? ಖಂಡಿತ ಇಲ್ಲ. ಅವಳು ಕಂಡದ್ದನ್ನೇ ಹೇಳಿದಳು. ಆದರೆ ಹದಿನೈದು ದಿನಕ್ಕೆ ಹೇಳಿದಳು. ಆರು ತಿಂಗಳ ನಂತರ ಕೇಳಿದ್ದರೆ ಉತ್ತರ ಬೇರೆಯೇ ಇರುತ್ತಿತ್ತು. (ಈಗಾಗಲೇ ಇಂಥ ಕ್ರೀಮ್ ಹಚ್ಚುತ್ತಿದ್ದರೆ ಏಕಾಏಕಿ ನಿಲ್ಲಿಸಬೇಡಿ. ಟ್ಯೂಬ್ ಕೈಯಲ್ಲಿ ಹಿಡಿದು ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಹೇಗೆ ಬಿಡಬೇಕು ಎಂದು ಅವರು ಹೇಳುತ್ತಾರೆ.)

ಔಷಧದ ವಿಷಯದಲ್ಲಿ ಇನ್ನೊಂದು ತೊಡಕಿದೆ. ನೆಗಡಿ ಔಷಧ ತೆಗೆದುಕೊಂಡರೂ ವಾರ, ತೆಗೆದುಕೊಳ್ಳದಿದ್ದರೂ ವಾರ. ಮಂಡಿ ನೋವು, ಮೈಗ್ರೇನ್, ತುರಿಕೆ ಇವೆಲ್ಲ ತಾವಾಗಿಯೇ ಏರುತ್ತವೆ, ಇಳಿಯುತ್ತವೆ. ನೋವು ಜೋರಾಗಿದ್ದಾಗ ಏನಾದರೊಂದು ಕುಡಿದಿರುತ್ತೇವೆ. ಇಳಿದಾಗ ಹೆಸರು ಆ ಕಷಾಯಕ್ಕೆ! ಗುಣವಾದವರು ಊರಿಗೆಲ್ಲ ಹೇಳುತ್ತಾರೆ, ಗುಣವಾಗದವರು ಸುಮ್ಮನೆ ಬೇರೆ ಡಾಕ್ಟರ್ ಹತ್ತಿರ ಹೋಗುತ್ತಾರೆ. ಹಾಗಾಗಿ ನಮ್ಮ ಕಿವಿಗೆ ಬೀಳುವುದು ಒಂದೇ ಬದಿಯ ಮಾತು. ಶುಂಠಿ ಕಷಾಯದಂಥದ್ದಕ್ಕೆ ಪರವಾಗಿಲ್ಲ. ಆದರೆ 'ಈ ಪುಡಿ ತಿಂದ ಮೇಲೆ ನಮ್ಮ ಭಾವನವರ ಶುಗರ್ ಮಾಯ' ಎಂಬ ಮಾತು ಕೇಳಿ ಮನೆಯವರ ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಕುತ್ತು. ಸಕ್ಕರೆ ಕಾಯಿಲೆ, ಬಂಜೆತನ, ಬೊಜ್ಜು, ಕುಳ್ಳತನ ಇವನ್ನೆಲ್ಲ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರಷ್ಟು ಹಿಂದೆಯೇ ಕಾನೂನು ನಿಷೇಧಿಸಿದೆ. ಜಾಹೀರಾತಿನಲ್ಲಿ ಹೇಳಲಾಗದ್ದು ಬಾಯಿಂದ ಬಾಯಿಗೆ ಮಾತ್ರ ಇವತ್ತಿಗೂ ಓಡಾಡುತ್ತಿದೆ.

ದುಡ್ಡು ಬಂದದ್ದು ನಿಜ, ಆದರೂ...

ಎರಡನೆಯ ಉದಾಹರಣೆ ದುಡ್ಡಿನದು. "ನಾನು ಒಂದು ಲಕ್ಷ ಹಾಕಿದ್ದೀನಿ ಕಣೇ, ತಿಂಗಳು ತಿಂಗಳು ತಪ್ಪದೆ ಬರ್ತಿದೆ. ಬೇಕಾದ್ರೆ ಪಾಸ್‌ಬುಕ್ ನೋಡು" ಎಂದು ಅತ್ತಿಗೆ ತೋರಿಸುತ್ತಾರೆ. ಪಾಸ್‌ಬುಕ್ ಸುಳ್ಳು ಹೇಳುವುದಿಲ್ಲ. ದುಡ್ಡು ಬಂದಿದೆ.

2019ರ ಜೂನ್ ತಿಂಗಳು ನೆನಪಿದೆಯಾ? ಬೆಂಗಳೂರಿನ ಐಎಂಎ ಕಂಪನಿಯ ಮುಂದೆ ಜನ ಸಾಲುಗಟ್ಟಿ ನಿಂತು ಅಳುತ್ತಿದ್ದ ದೃಶ್ಯ ಟೀವಿಯಲ್ಲಿ ದಿನಗಟ್ಟಲೆ ಬಂತು. ಬಡ್ಡಿಯಲ್ಲ, ವ್ಯಾಪಾರದ ಲಾಭದಲ್ಲಿ ಪಾಲು ಎಂದು ಹೇಳಿ ದುಡ್ಡು ಸಂಗ್ರಹಿಸಿದ್ದ ಕಂಪನಿ ಅದು. ಅದರ ಮಾಲೀಕ ವಿದೇಶಕ್ಕೆ ಹಾರಿದ್ದ. ಜುಲೈನಲ್ಲಿ ದೆಹಲಿಗೆ ವಾಪಸ್ ಬಂದಾಗ ಬಂಧನವಾಯಿತು. ದೂರು ಕೊಟ್ಟವರೇ ಹತ್ತಾರು ಸಾವಿರ ಮಂದಿ. ಮಗಳ ಮದುವೆಗೆಂದು ಕೂಡಿಟ್ಟದ್ದು, ನಿವೃತ್ತಿಯ ಹಣ, ಒಡವೆ ಮಾರಿದ ಹಣ ಎಲ್ಲವೂ ಅದರಲ್ಲಿತ್ತು. ಇವರಲ್ಲಿ ಎಷ್ಟೋ ಜನ ಜಾಹೀರಾತು ನೋಡಿ ಹೋದವರಲ್ಲ. ಅಣ್ಣ ಹಾಕಿದ್ದ, ಚಿಕ್ಕಮ್ಮ ಹಾಕಿದ್ದರು, ಅವರಿಗೆ ವರ್ಷಗಟ್ಟಲೆ ದುಡ್ಡು ಬಂದಿತ್ತು, ಅದಕ್ಕೇ ಇವರೂ ಹಾಕಿದರು.

ಇಂಥ ಸ್ಕೀಮುಗಳ ಒಳಗುಟ್ಟು ಇಷ್ಟೇ: ಮೊದಲು ಸೇರಿದವರಿಗೆ ಕೊಡುವುದು ಲಾಭವನ್ನಲ್ಲ, ಆಮೇಲೆ ಸೇರಿದವರ ದುಡ್ಡನ್ನೇ. ಹೊಸಬರು ಬರುತ್ತಿರುವಷ್ಟು ದಿನ ಹಳಬರಿಗೆ ತಪ್ಪದೆ ಬರುತ್ತದೆ. ಬಂದವರು ಸಂತೋಷದಿಂದ ನಾಲ್ಕು ಜನಕ್ಕೆ ಹೇಳುತ್ತಾರೆ. ಆ ನಾಲ್ಕು ಜನ ತಂದ ದುಡ್ಡಿನಿಂದಲೇ ಮುಂದಿನ ತಿಂಗಳ ಕಂತು! ಅಂದರೆ ಅತ್ತಿಗೆಯ ಪ್ರಾಮಾಣಿಕ ಮಾತೇ ಆ ಗಾಡಿಗೆ ಪೆಟ್ರೋಲ್. ಮೋಸ ಮಾಡುವವನು ಅತ್ತಿಗೆಗೆ ದುಡ್ಡು ಕೊಟ್ಟದ್ದೂ ಅದಕ್ಕಾಗಿಯೇ.

ಕ್ರೀಮಿಗೂ ಕಂತಿಗೂ ಇರುವ ಹೋಲಿಕೆ ಗಮನಿಸಿದಿರಾ? ಎರಡರಲ್ಲೂ ಒಳ್ಳೆಯದು ಮೊದಲು ಬರುತ್ತದೆ, ಕೆಟ್ಟದ್ದು ನಿಧಾನವಾಗಿ. ಹೊಗಳಿಕೆ ಹುಟ್ಟುವುದು ಮೊದಲ ಹಂತದಲ್ಲಿ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಹೇಳುವವರು ಒಳ್ಳೆಯವರು ಎಂಬುದು ಬೇರೆ, ಅವರು ಹೇಳಿದ ವಸ್ತು ಒಳ್ಳೆಯದು ಎಂಬುದು ಬೇರೆ.

ಹಾಗಾಗಿ ದುಡ್ಡಿನ ವಿಷಯದಲ್ಲಿ ಮನುಷ್ಯರ ಸಾಕ್ಷಿಗಿಂತ ಕಾಗದದ ಸಾಕ್ಷಿ ಕೇಳಿ. ಚೀಟಿ ಆದರೆ 1982ರ ಚಿಟ್ ಫಂಡ್ ಕಾಯ್ದೆಯಂತೆ ರಿಜಿಸ್ಟ್ರಾರ್ ಬಳಿ ನೋಂದಣಿ ಆಗಿರಬೇಕು. ಸರ್ಕಾರದ್ದೇ ಆದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಠೇವಣಿ ಪಡೆಯುವ ಕಂಪನಿಗೆ ಅನುಮತಿ ಇದೆಯೇ ಎಂದು ನೋಡಲು, ದೂರು ಕೊಡಲು ರಿಸರ್ವ್ ಬ್ಯಾಂಕಿನ 'ಸಚೇತ್' ಎಂಬ ತಾಣವಿದೆ. ಮಗಳಿಗೋ ಮಗನಿಗೋ ಹೇಳಿದರೆ ಮೊಬೈಲಿನಲ್ಲೇ ನೋಡಿಕೊಡುತ್ತಾರೆ. ಇನ್ನೊಂದು ಮಾತು: ಅನುಮತಿ ಇಲ್ಲದ ಠೇವಣಿ ಯೋಜನೆಗಳನ್ನು ನಿಷೇಧಿಸಲು 2019ರಲ್ಲಿ ಬಂದ ಕಾನೂನಿನ ಪ್ರಕಾರ, ಗೊತ್ತಿದ್ದೂ ಸುಳ್ಳು ಹೇಳಿ ಇನ್ನೊಬ್ಬರನ್ನು ಅದರೊಳಗೆ ಎಳೆಯುವುದೂ ಅಪರಾಧ. ಕಮಿಷನ್ ಆಸೆಗೆ ಜನ ಸೇರಿಸುವ ಮುನ್ನ ಇದು ನೆನಪಿರಲಿ.

ಹೇಳಿದವರಿಗೆ ಏನು ಸಿಗುತ್ತೆ?

ಅಮೆರಿಕದಲ್ಲಿ 1950ರ ದಶಕದಲ್ಲಿ ಟಪ್ಪರ್‌ವೇರ್ ಡಬ್ಬಗಳನ್ನು ಅಂಗಡಿಯಿಂದ ತೆಗೆದು ಮನೆಮನೆಯ 'ಪಾರ್ಟಿ'ಗಳಲ್ಲಿ ಮಾರಲು ಶುರುಮಾಡಿದರು. ಆ ವ್ಯವಸ್ಥೆಯನ್ನು ಬೆಳೆಸಿದವರು ಬ್ರೌನಿ ವೈಸ್ ಎಂಬ ಮಹಿಳೆ. ಗೆಳತಿಯರನ್ನು ಮನೆಗೆ ಕರೆದು, ತಿಂಡಿ ಕೊಟ್ಟು, ಡಬ್ಬದ ಮುಚ್ಚಳ ಹೇಗೆ ಭದ್ರವಾಗಿ ಕೂರುತ್ತದೆ ಎಂದು ತೋರಿಸುವುದು. 1996ರಲ್ಲಿ ಅದು ಭಾರತಕ್ಕೂ ಬಂತು. ಬೆಂಗಳೂರು, ಮೈಸೂರಿನ ಎಷ್ಟೋ ಗೃಹಿಣಿಯರು ಮನೆಯಲ್ಲಿದ್ದುಕೊಂಡೇ ನಾಲ್ಕು ಕಾಸು ಸಂಪಾದಿಸಲು ಇಂಥ ಮಾರಾಟಕ್ಕೆ ಇಳಿದರು. ಕಷ್ಟಪಟ್ಟು ದುಡಿಯುವುದರಲ್ಲಿ ನಾಚಿಕೆಯೇನಿಲ್ಲ. ಡಬ್ಬವೂ ಗಟ್ಟಿಯಾಗಿಯೇ ಇತ್ತು.

ಆದರೆ ಅಲ್ಲಿ ಗೆಳತಿಯ ಮಾತಿನ ಎರಡನೆಯ ಕಾಲು, 'ಅವರಿಗೆ ಯಾರೂ ಕಾಸು ಕೊಟ್ಟಿಲ್ಲ' ಎನ್ನುವುದು ಇರುವುದಿಲ್ಲ. ಡಬ್ಬ, ಲಿಪ್‌ಸ್ಟಿಕ್, ತೂಕ ಇಳಿಸುವ ಪುಡಿ, ನೀರಿನ ಫಿಲ್ಟರ್, ಯಾವುದೇ ಇರಲಿ, ಹೇಳುವವರಿಗೆ ಕಮಿಷನ್ ಇದ್ದರೆ ಅದು ಶಿಫಾರಸಲ್ಲ, ಮಾರಾಟ. ಕೊಳ್ಳಿ, ಬೇಡ ಅನ್ನೋದಿಲ್ಲ. ಆದರೆ ಮಾರಾಟ ಎಂದು ತಿಳಿದು ಕೊಳ್ಳಿ. 'ನೀವೂ ಮೂರು ಜನರನ್ನು ಸೇರಿಸಿ, ಅವರು ಮೂರು ಜನರನ್ನು ಸೇರಿಸಿದರೆ ನಿಮಗೂ ಪಾಲು' ಎಂಬ ಮಾತು ಬಂದರಂತೂ ಎದ್ದು ನಿಲ್ಲಿ. ಸಾಮಾನು ಮಾರಿದ್ದಕ್ಕಲ್ಲ, ಜನ ಸೇರಿಸಿದ್ದಕ್ಕೆ ದುಡ್ಡು ಕೊಡುವ ಪಿರಮಿಡ್ ಪದ್ಧತಿಯನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ.

ಮೊಬೈಲಿನಲ್ಲಿ ಅಡುಗೆ, ಸೀರೆ, ಮೇಕಪ್ ವಿಡಿಯೊ ಮಾಡುವ ಹೆಣ್ಣುಮಕ್ಕಳ ಮಾತೂ ಈಗ ಅಕ್ಕನ ಮಾತಿನಷ್ಟೇ ಹತ್ತಿರ ಅನಿಸುತ್ತದೆ. ದಿನಾ ನೋಡ್ತೀವಲ್ಲ! ಇದಕ್ಕೂ ಕಾನೂನು ಬಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಕಂಪನಿಗಷ್ಟೇ ಅಲ್ಲ, ಅದನ್ನು ಹೊಗಳಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. ಹೊಗಳುವವರಿಗೆ ಆ ವಸ್ತುವಿನ ಬಗ್ಗೆ ಸಾಕಷ್ಟು ಮಾಹಿತಿ ಅಥವಾ ಅನುಭವ ಇರಲೇಬೇಕು, ಅದು ಅವರ ನಿಜವಾದ ಅಭಿಪ್ರಾಯವೇ ಆಗಿರಬೇಕು ಎನ್ನುತ್ತವೆ 2022ರ ಮಾರ್ಗಸೂಚಿಗಳು. ದುಡ್ಡು ಪಡೆದಿದ್ದರೆ, ಸಾಮಾನು ಪುಕ್ಕಟೆ ಬಂದಿದ್ದರೆ ಅದನ್ನು ಎದ್ದು ಕಾಣುವಂತೆ ಹೇಳಬೇಕು. ಹಾಗಾಗಿ ವಿಡಿಯೊ ನೋಡುವಾಗ 'ಸ್ಪಾನ್ಸರ್ಡ್', 'ಪೇಯ್ಡ್ ಪ್ರಮೋಷನ್' ಎಂಬ ಪದಗಳನ್ನು ಹುಡುಕಿ. ಬಿಳಿ ಕೋಟು ಹಾಕಿಕೊಂಡವರು ಜಾಹೀರಾತಿನಲ್ಲಿ ಕಂಡರೆ ಇನ್ನೂ ಒಂದು ವಿಷಯ ನೆನಪಿಡಿ: ತಮ್ಮ ಹೆಸರು, ಫೋಟೊ ಬಳಸಿ ಯಾವುದೇ ಔಷಧಕ್ಕಾಗಲಿ, ಮಾರಾಟದ ವಸ್ತುವಿಗಾಗಲಿ ಜಾಹೀರಾತಿನಲ್ಲಿ ಶಿಫಾರಸು ಕೊಡಬಾರದು ಎಂದು ಅಲೋಪತಿ ವೈದ್ಯರಿಗೆ 2002ರ ವೃತ್ತಿ ನಿಯಮಗಳಲ್ಲೇ ಕಟ್ಟಪ್ಪಣೆ ಇದೆ.

ಕೇಳಬೇಕಾದ ಐದು ಪ್ರಶ್ನೆ

ಯಾರಾದರೂ ಏನನ್ನಾದರೂ ಹೊಗಳಿದಾಗ ಪೊಲೀಸರ ಹಾಗೆ ವಿಚಾರಣೆ ಮಾಡಬೇಕಿಲ್ಲ. ಕಾಫಿ ಕುಡಿಯುತ್ತಾ ನಗುನಗುತ್ತಲೇ ಇಷ್ಟು ಕೇಳಿ:

• ನೀವೇ ಬಳಸಿದ್ದಾ, ಇಲ್ಲ ಯಾರೋ ಹೇಳಿದ್ದಾ? 'ನಮ್ಮ ನಾದಿನಿಯ ಫ್ರೆಂಡ್ ಹೇಳ್ತಿದ್ಲು' ಅಂದರೆ ಅದು ಗಾಳಿಮಾತು. ಆ ಫ್ರೆಂಡ್ ನಂಬರ್ ಕೊಟ್ಟರೆ ಮಾತ್ರ ಪ್ರಯೋಜನ.

• ಎಷ್ಟು ದಿನದಿಂದ? ಟೈಲರ್‌ಗೆ ಎರಡು ಬ್ಲೌಸ್ ಸಾಕು. ಕುಕ್ಕರ್, ಮಿಕ್ಸಿಗೆ ವರ್ಷ ಬೇಕು. ಆಯಾಗೆ, ಕ್ರೀಮಿಗೆ ತಿಂಗಳುಗಳು ಬೇಕು. ಹಣ ಹೂಡುವುದಕ್ಕೆ ಎಷ್ಟು ವರ್ಷದ ಹೊಗಳಿಕೆಯೂ ಸಾಲದು, ಕಾಗದ ಪತ್ರ ಬೇಕು.

• ನಿಮ್ಮ ತೊಂದರೆ ನನ್ನದರ ಹಾಗೇನಾ? ಅವರ ಹೆರಿಗೆ ಚೆನ್ನಾಗಿ ಮಾಡಿಸಿದ ಡಾಕ್ಟರ್ ನಿಮ್ಮ ಥೈರಾಯ್ಡ್‌ಗೆ ಸರಿಯಾದವರು ಅಂತೇನಿಲ್ಲ. ಅವರ ಮಗನಿಗೆ ಒಗ್ಗಿದ ಕಟ್ಟುನಿಟ್ಟಿನ ಟ್ಯೂಷನ್ ನಿಮ್ಮ ಪುಕ್ಕಲು ಮಗುವಿಗೆ ಒಗ್ಗದೇ ಇರಬಹುದು.

• ಇಷ್ಟವಾಗದ್ದು ಏನು? ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದು. ನಿಜವಾಗಿ ಬಳಸಿದವರು ತಟ್ಟನೆ ಹೇಳುತ್ತಾರೆ: 'ಕೆಲಸ ಚೊಕ್ಕ, ಆದ್ರೆ ಹೇಳಿದ ದಿನ ಬರಲ್ಲ', 'ಮಿಕ್ಸಿ ಚೆನ್ನಾಗಿದೆ, ಸದ್ದು ಜಾಸ್ತಿ.' ಏನೂ ದೋಷವೇ ಇಲ್ಲ ಅಂದರೆ ಒಂದೋ ಅವರು ಸರಿಯಾಗಿ ಬಳಸಿಲ್ಲ, ಇಲ್ಲವೇ ಮಾರಲು ಬಂದಿದ್ದಾರೆ. ಹೆತ್ತವರಿಗೆ ಹೆಗ್ಗಣ ಮುದ್ದು!

• ನಾನು ತಗೊಂಡ್ರೆ ನಿಮಗೇನಾದ್ರೂ ಸಿಗುತ್ತಾ? ಕೇಳಲು ಸಂಕೋಚ ಆಗುತ್ತೆ, ನಿಜ. 'ಇದರಲ್ಲಿ ನಿಮಗೂ ಏನಾದ್ರೂ ಲಾಭ ಇದ್ರೆ ಒಳ್ಳೇದೇ ಅಲ್ವಾ' ಎಂದು ಮೆಲ್ಲಗೆ ಕೇಳಿ. ಉತ್ತರ ತಾನಾಗಿ ಬರುತ್ತದೆ.

ನಿಮ್ಮ ಮಾತೇ ಅವಳ ಸರ್ಟಿಫಿಕೇಟ್

ಇಲ್ಲಿಯವರೆಗೆ ಕೇಳುವವರಾಗಿ ಮಾತಾಡಿದೆವು. ಈಗ ಹೇಳುವವರಾಗಿ ಯೋಚಿಸೋಣ. ನಮ್ಮ ಒಂದು ಮಾತಿನ ಮೇಲೆ ಇನ್ನೊಬ್ಬರ ಹೊಟ್ಟೆಪಾಡು ನಿಂತಿರುವ ಜಾಗ ಒಂದಿದೆ. ಅದು ಮನೆಗೆಲಸದವರ ವಿಷಯ.

ನಮ್ಮ ಗಂಡಂದಿರು ಆಫೀಸು ಬದಲಾಯಿಸಿದರೆ ಅನುಭವ ಪತ್ರ ಸಿಗುತ್ತದೆ. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಕರ್ನಾಟಕ ಸರ್ಕಾರ 2004ರಲ್ಲೇ ನಿಗದಿ ಮಾಡಿತು. ಆದರೆ ಹತ್ತು ವರ್ಷ ಪಾತ್ರೆ ತೊಳೆದು, ಮಕ್ಕಳನ್ನು ಎತ್ತಿ ಆಡಿಸಿದವಳ ಕೈಯಲ್ಲಿ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಅವಳು ಮುಂದಿನ ಮನೆಯ ಬಾಗಿಲಲ್ಲಿ ನಿಂತಾಗ ಹೇಳುವುದು ಇಷ್ಟೇ: "ಬೇಕಾದ್ರೆ ಹಳೇ ಮನೆ ಅಕ್ಕೋರ್ನ ಕೇಳಿ." ಆ ಅಕ್ಕೋರು ನೀವು!

ಫೋನು ಬಂದಾಗ ನೀವು ಅಡುಗೆ ಗಡಿಬಿಡಿಯಲ್ಲಿ "ಹೂಂ, ಪರವಾಗಿಲ್ಲ" ಎಂದು ಎಳೆದು ಹೇಳಿದರೆ ಕೇಳಿದವರು ಅದಕ್ಕೆ ನೂರು ಅರ್ಥ ಕಟ್ಟಿಕೊಳ್ಳುತ್ತಾರೆ. "ಸ್ವಲ್ಪ ಕೈ ಉದ್ದ ಇರಬೇಕು ಅನ್ಸುತ್ತೆ, ಗೊತ್ತಿಲ್ಲಪ್ಪಾ" ಎಂಬ ಅನುಮಾನದ ಒಂದು ಮಾತು ಇಡೀ ಅಪಾರ್ಟ್‌ಮೆಂಟಿನ ವಾಟ್ಸ್‌ಆಪ್ ಗುಂಪಿನಲ್ಲಿ ಓಡಾಡಿ ಅವಳ ನಾಲ್ಕು ಮನೆ ಕೆಲಸವನ್ನು ಒಂದೇ ದಿನದಲ್ಲಿ ಕಿತ್ತುಕೊಳ್ಳಬಹುದು. ಅವಳಿಗೆ ಉತ್ತರ ಕೊಡಲು ಅವಕಾಶವೇ ಇಲ್ಲ. ಆ ಗುಂಪಿನಲ್ಲಿ ಅವಳಿರುವುದಿಲ್ಲವಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹಾಗೆಂದು ಸುಳ್ಳು ಹೊಗಳಿಕೆಯೂ ಬೇಡ. ಮಗುವನ್ನು ಗದರಿಸಿ ಹೊಡೆಯುತ್ತಿದ್ದ ಆಯಾಳನ್ನು 'ನಮಗ್ಯಾಕೆ ಪಾಪ' ಎಂದು ಚೆನ್ನಾಗಿದ್ದಾಳೆ ಅಂದರೆ ಆ ಪಾಪ ಇನ್ನೊಬ್ಬರ ಮಗುವಿನ ಮೇಲೆ ಬೀಳುತ್ತದೆ. ನಿಯಮ ಒಂದೇ: ಕಣ್ಣಾರೆ ಕಂಡದ್ದನ್ನು ಹೇಳಿ, ಊಹೆಯನ್ನು ಹೇಳಬೇಡಿ. 'ತಿಂಗಳಿಗೆ ನಾಲ್ಕು ದಿನ ರಜೆ ಹಾಕುತ್ತಿದ್ದಳು' ಎಂಬುದು ಕಂಡದ್ದು. 'ಸೋಮಾರಿ' ಎಂಬುದು ನಿಮ್ಮ ತೀರ್ಪು. 'ಒಂದು ಸಲ ಬೆಳ್ಳಿ ಲೋಟ ಕಾಣಲಿಲ್ಲ' ಎಂಬುದರ ಮುಂದೆ 'ಆಮೇಲೆ ಅಟ್ಟದ ಮೇಲೆ ಸಿಕ್ಕಿತು' ಎಂಬುದನ್ನೂ ಸೇರಿಸದಿದ್ದರೆ ಅದು ಅರ್ಧ ಸತ್ಯ. ಕೇಳುವವರೂ ಅಷ್ಟೇ, ಕೆಲಸದ ಬಗ್ಗೆ ಕೇಳಿ. ಜಾತಿ ಯಾವುದು, ಗಂಡ ಬಿಟ್ಟವಳಾ ಎಂಬ ಪ್ರಶ್ನೆಗೂ ಪಾತ್ರೆ ತೊಳೆಯುವುದಕ್ಕೂ ಏನು ಸಂಬಂಧ ಹೇಳಿ?

ನಿಮ್ಮ ಮನೆಯಿಂದ ಕೆಲಸದಾಕೆ ಒಳ್ಳೆಯ ರೀತಿಯಲ್ಲಿ ಬಿಟ್ಟು ಹೋಗುತ್ತಿದ್ದರೆ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಿ. ಹೀಗಿದ್ದರೆ ಸಾಕು:

'ಈಕೆ ನಮ್ಮ ಮನೆಯಲ್ಲಿ ಮೂರು ವರ್ಷ ಪಾತ್ರೆ, ನೆಲ ಒರೆಸುವ ಕೆಲಸ ಮತ್ತು ಸಂಜೆ ಹೊತ್ತು ಮಗುವನ್ನು ನೋಡಿಕೊಳ್ಳುವ ಕೆಲಸ ಮಾಡಿದ್ದಾರೆ. ಬೆಳಗ್ಗೆ ಏಳಕ್ಕೆ ತಪ್ಪದೆ ಬರುತ್ತಿದ್ದರು. ರಜೆ ಬೇಕಾದರೆ ಹಿಂದಿನ ದಿನವೇ ತಿಳಿಸುತ್ತಿದ್ದರು. ಮನೆಯ ಬೀಗದ ಕೈ ಅವರ ಬಳಿ ಇರುತ್ತಿತ್ತು. ನಾವು ಬೇರೆ ಊರಿಗೆ ಹೋಗುತ್ತಿರುವುದರಿಂದ ಕೆಲಸ ಬಿಡಿಸುತ್ತಿದ್ದೇವೆ. ಹೆಚ್ಚಿನ ವಿವರಕ್ಕೆ ನನಗೆ ಫೋನ್ ಮಾಡಬಹುದು.'

ಇದರಲ್ಲಿ 'ಪ್ರಾಮಾಣಿಕಳು', 'ಒಳ್ಳೆಯವಳು' ಎಂಬ ಪದವೇ ಇಲ್ಲ ನೋಡಿ. 'ಬೀಗದ ಕೈ ಅವರ ಬಳಿ ಇರುತ್ತಿತ್ತು' ಎಂಬ ಒಂದೇ ಸಾಲು ಅದನ್ನೆಲ್ಲ ಹೇಳುತ್ತದೆ. ಕೊಡುವುದಕ್ಕೆ ಐದು ನಿಮಿಷ ಸಾಕು. ಅವಳು ಮಾತ್ರ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರೇಷನ್ ಕಾರ್ಡಿನ ಜೊತೆ ಜೋಪಾನ ಮಾಡುತ್ತಾಳೆ.

ಹೊಸಬರನ್ನು ಕೆಲಸಕ್ಕೆ ಇಟ್ಟುಕೊಳ್ಳುವಾಗ ಇಂಥ ಪತ್ರ ಇದ್ದರೂ ಬರೆದವರಿಗೆ ಒಮ್ಮೆ ಫೋನ್ ಮಾಡಿ. ಮನೆಯಲ್ಲೇ ಉಳಿಯುವವರಾದರೆ, ಹಿರಿಯರನ್ನೋ ಮಗುವನ್ನೋ ನೋಡಿಕೊಳ್ಳುವವರಾದರೆ ಗುರುತಿನ ಚೀಟಿಯ ಪ್ರತಿ ಪಡೆದು, ಪೊಲೀಸ್ ಪರಿಶೀಲನೆ ಬಗ್ಗೆ ನಿಮ್ಮ ಠಾಣೆಯಲ್ಲಿ ವಿಚಾರಿಸಿ. ಇದು ಅನುಮಾನವಲ್ಲ, ಪದ್ಧತಿ ಎಂದು ಅವರಿಗೂ ಮೊದಲೇ ಗೌರವದಿಂದ ತಿಳಿಸಿ.

ಹೇಳುವ ಮುನ್ನ, ಹೇಳಿದ ಮೇಲೆ

• ಬಳಸದ ವಸ್ತುವನ್ನು, ನೋಡದ ಡಾಕ್ಟರನ್ನು ಹೊಗಳಬೇಡಿ. 'ನನಗೆ ಗೊತ್ತಿಲ್ಲ ಕಣೇ' ಅನ್ನುವುದರಲ್ಲಿ ಅವಮಾನವಿಲ್ಲ.

• ಒಳ್ಳೆಯದರ ಜೊತೆ ಒಂದು ಕೊರತೆಯನ್ನೂ ಹೇಳಿ. ನಿಮ್ಮ ಮಾತಿನ ತೂಕ ಹೆಚ್ಚುತ್ತದೆ.

• ಔಷಧದ ಹೆಸರು ಹೇಳಬೇಡಿ, ಡಾಕ್ಟರ ಹೆಸರು ಹೇಳಿ. ನಿಮ್ಮ ಮಾತ್ರೆ ಇನ್ನೊಬ್ಬರ ಬಿ.ಪಿ.ಗೆ ಅಪಾಯವಾಗಬಹುದು.

• ನೀವು ಹೇಳಿದ್ದು ಆಮೇಲೆ ಕೆಟ್ಟಿತು ಎಂದು ಗೊತ್ತಾದರೆ ಫೋನ್ ಮಾಡಿ ತಿಳಿಸಿ: 'ಆವತ್ತು ಹೇಳಿದ್ದೆನಲ್ಲ, ಈಗ ಅಷ್ಟು ಸರಿ ಇಲ್ಲ, ನೋಡ್ಕೊಳಿ.' ಹೊಗಳಿದಷ್ಟೇ ಬೇಗ ಹಿಂತೆಗೆದುಕೊಳ್ಳುವುದೂ ನಮ್ಮ ಜವಾಬ್ದಾರಿ.

ಇನ್ನು ಎಲ್ಲಕ್ಕಿಂತ ಕಷ್ಟದ ವಿಷಯ: ಹತ್ತಿರದವರಿಗೆ 'ಬೇಡ' ಅನ್ನುವುದು. ಅತ್ತಿಗೆ ಬಂದು ಸ್ಕೀಮಿಗೆ ಸೇರು ಎಂದರೆ 'ಮನೆಯವರನ್ನ ಕೇಳಿ ಹೇಳ್ತೀನಿ' ಅನ್ನುತ್ತೇವೆ. ಮುಂದಿನ ವಾರ ಅವರು ಮನೆಯವರನ್ನೇ ಹಿಡಿದುಕೊಳ್ಳುತ್ತಾರೆ! ಅದಕ್ಕಿಂತ ನೇರವಾಗಿ, ನಗುತ್ತಲೇ ಹೇಳಿ: 'ಅತ್ತಿಗೆ, ನಿಮ್ಮ ಮೇಲೆ ನಂಬಿಕೆ ಇಲ್ಲದೆ ಅಲ್ಲ. ಸಂಬಂಧದಲ್ಲಿ ದುಡ್ಡಿನ ವ್ಯವಹಾರ ಬೇಡ ಅಂತ ನಾವಿಬ್ಬರೂ ತೀರ್ಮಾನ ಮಾಡಿದ್ದೀವಿ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹಬ್ಬಕ್ಕೆ ಮುಖ ನೋಡೋದು ಕಷ್ಟ ಆಗುತ್ತೆ.' ಒಂದು ದಿನ ಮುನಿಸಿಕೊಳ್ಳಬಹುದು. ಆದರೆ ಕಂಪನಿ ಬಾಗಿಲು ಹಾಕಿದ ದಿನ ನೀವಿಬ್ಬರೂ ಒಬ್ಬರನ್ನೊಬ್ಬರು ದೂರುವುದು ತಪ್ಪುತ್ತದಲ್ಲ! ಇಂಥ ಸ್ಕೀಮುಗಳಲ್ಲಿ ದುಡ್ಡಿಗಿಂತ ಮೊದಲು ಮುಳುಗುವುದು ಸಂಬಂಧ.

ಜಾಹೀರಾತು, ಸಾಮಾನು, ಸೇವೆ ಯಾವುದರಿಂದ ಮೋಸವಾದರೂ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ಲು ಎತ್ತಿಟ್ಟುಕೊಂಡಿರಿ.

ನೆರೆಹೊರೆಯ ಮಾತನ್ನು ನಂಬುವುದನ್ನು ಬಿಟ್ಟುಬಿಡಿ ಅಂತ ಯಾರೂ ಹೇಳುವುದಿಲ್ಲ. ಹಾಗೆ ಬದುಕಲೂ ಆಗುವುದಿಲ್ಲ. ಸೊಪ್ಪಿನವನಿಗೆ ಕಣ್ಣುಮುಚ್ಚಿ ಹೂಂ ಅನ್ನಿ. ಮೈಗೆ, ಮಗುವಿಗೆ, ಮನೆಯ ದುಡ್ಡಿಗೆ ಸಂಬಂಧಿಸಿದ್ದಾದರೆ ಒಂದು ರಾತ್ರಿ ತಡೆದು, ಆ ಐದು ಪ್ರಶ್ನೆ ಕೇಳಿ. ಮತ್ತೆ, ಹಳೆಯ ಕೆಲಸದಾಕೆಯ ಬಗ್ಗೆ ವಿಚಾರಿಸಲು ಯಾರಾದರೂ ಫೋನ್ ಮಾಡಿದರೆ ಒಗ್ಗರಣೆ ಒಲೆ ಆರಿಸಿ, ಕುಳಿತು ಮಾತಾಡಿ. ಎರಡು ನಿಮಿಷ ಅಷ್ಟೇ!